ಜೀಪಿನ ಹಿಂದೆ ಕೂರಿಸಿದ, ಹೊರಗೆ ಎಳೆದು ಬಳಸುವ ಮರದ ಮೇಜು ಮಳೆಗಾಲದಲ್ಲಿ ಸಿಕ್ಕಿಕೊಳ್ಳುತ್ತಿದೆ. ಬದಿ ಕೀಸಿದರೆ ಸರಿಯಾಗುತ್ತದಾ, ಡ್ರಾಯರ್‌ಗೆ ಹಾಕುವಂಥ ಜಾರುವ ಲೋಹದ ಚಾನೆಲ್ ಹಾಕಿಸಲಾ?

ಮೊದಲು ಕೀಸುಳಿ ಕೆಳಗಿಡಿ ಮಾರಾಯ್ರೆ.

ನನ್ನದು ಹಲಸಿನ ಹಲಗೆ. ಕಾರ್ಕಳದ ಮನೆಯಲ್ಲಿ ಗಾಳಿಗೆ ಬಿದ್ದ ಮರದ್ದು, ಸೌದೆ ಮಾಡಲು ಮನಸ್ಸು ಬರಲಿಲ್ಲ. ಏಪ್ರಿಲ್‌ನಲ್ಲಿ ಕೂರಿಸಿದಾಗ ಬೆಂಕಿಪೊಟ್ಟಣದ ಹಾಗೆ ಜಾರುತ್ತಿತ್ತು. ಬದಿಯಲ್ಲಿ ಕಾಗದ ತೂರಿಸಲೂ ಜಾಗ ಇರಲಿಲ್ಲ. ಅದನ್ನೇ ದೊಡ್ಡಸ್ತಿಕೆ ಅಂತ ಎಲ್ಲರಿಗೂ ತೋರಿಸಿದೆ.

ಜುಲೈಯಲ್ಲಿ ಆಗುಂಬೆ ಹತ್ತಿರ ಚಾ ಮಾಡೋಣ ಅಂತ ನಿಲ್ಲಿಸಿ ಎಳೆದರೆ ಹಿಡಿಕೆ ಕೈಗೆ ಬಂತು, ಮೇಜು ಬರಲಿಲ್ಲ.

ತಪ್ಪು ಮಾಡಿದ್ದು ಆಮೇಲೆ. ಬಡಗಿ ಆಚಾರ್ರು ಹೇಳಿದ್ದರು, "ಆಟಿ (ತುಳುವಿನ ಜೋರು ಮಳೆಯ ತಿಂಗಳು) ಮುಗಿಯಲಿ, ಈಗ ಮುಟ್ಟಬೇಡಿ" ಅಂತ. ನಾನು ಕೇಳಲಿಲ್ಲ. ಸುರಿಯುವ ಮಳೆಯಲ್ಲೇ ಜಗಲಿಯಲ್ಲಿ ಕೂತು ಎರಡೂ ಬದಿ ಕೀಸಿದೆ. ಮರ ನೀರು ಕುಡಿದು ಅಗಲಕ್ಕೆ ಉಬ್ಬುತ್ತದೆ, ಉದ್ದಕ್ಕೆ ಹೆಚ್ಚುಕಮ್ಮಿ ಏನೂ ಆಗುವುದಿಲ್ಲ. ನನ್ನ ಹಲಗೆ 45 ಸೆಂ.ಮೀ. ಅಗಲ. ಅದು 4 ಮಿ.ಮೀ. ಉಬ್ಬಿತ್ತು, ನಾನು 5 ಮಿ.ಮೀ. ತೆಗೆದೆ. ಅಂದರೆ ಮಳೆಯ ಉಬ್ಬು ತೆಗೆಯಲು ಹೋಗಿ ಮರವನ್ನೇ ತೆಗೆದೆ! ಫೆಬ್ರವರಿಯಲ್ಲಿ ಒಣಗಿದಾಗ ಉಬ್ಬಿದ್ದು ಹೋಯಿತು, ಕೀಸಿದ್ದು ವಾಪಸ್ ಬರಲಿಲ್ಲ. ಹೆಬ್ಬೆರಳಿನ ಉಗುರು ಸಲೀಸಾಗಿ ಹೋಗುವಷ್ಟು ಸಂದು. ಚಾರ್ಮಾಡಿ ತಿರುವುಗಳಲ್ಲಿ ಗಡಗಡ ಸದ್ದು ಕೇಳಿ ಕೇಳಿ ಹೆಂಡತಿ ಮುಂದಿನ ಸಲ ಬಸ್ಸಿನಲ್ಲಿ ಬರುತ್ತೇನೆ ಅಂದಳು.

ಇಷ್ಟಕ್ಕೂ ಅಷ್ಟು ಉಬ್ಬಿದ್ದು ಯಾಕೆ? ವಾರ್ನಿಷ್ ಮೇಲೆ ಮಾತ್ರ ಹಚ್ಚಿದ್ದೆ. ಕಾಣದ ಅಡಿಭಾಗಕ್ಕೆ ಯಾಕೆ ಖರ್ಚು ಅಂತ. ತೇವ ಅಲ್ಲಿಂದಲೇ ಒಳಗೆ ಹೋಯಿತು.

ಹಾಗಾಗಿ ನಿಮ್ಮ ಮೇಜಿನ ಅಳತೆ ತಪ್ಪಿದೆ ಅಂತ ನನಗೆ ಅನ್ನಿಸುವುದಿಲ್ಲ. ಈಗ ಜಾರುವ ಜಾಗಕ್ಕೆ ಮೇಣದಬತ್ತಿ ಉಜ್ಜಿ ದಿನ ದೂಡಿ. ಜೀಪನ್ನು ಒಮ್ಮೆ ಸಪಾಟು ಅಂಗಳದಲ್ಲಿ, ಒಮ್ಮೆ ಒಂದು ಚಕ್ರ ಕಲ್ಲಿನ ಮೇಲೆ ಹತ್ತಿಸಿ ಎಳೆದು ನೋಡಿ. ಕಲ್ಲು ಹತ್ತಿಸಿದಾಗ ಮಾತ್ರ ಸಿಕ್ಕಿಕೊಂಡರೆ ಬಾಡಿ ತಿರುಚುವಾಗ ಮೇಜಿನ ಚೌಕಟ್ಟೂ ಸೊಟ್ಟಗಾಗುತ್ತಿದೆ ಅಂತ ಅರ್ಥ. ಅದಕ್ಕೆ ಬೋಲ್ಟಿನ ಕೆಳಗೆ ರಬ್ಬರ್ ವಾಶರ್ ಹಾಕಬೇಕು, ಕೀಸಿ ಪ್ರಯೋಜನ ಇಲ್ಲ.

ಚಾನೆಲ್ ಬೇಡ ಅನ್ನುವುದಿಲ್ಲ. ಆದರೆ ಸಾಮಾನ್ಯ ಬಾಲ್ ಬೇರಿಂಗ್ ಚಾನೆಲ್‌ಗೆ ಒಂದೊಂದು ಬದಿಗೂ ಸುಮಾರು 12.5 ಮಿ.ಮೀ. ಜಾಗ ಬೇಕು. ಮಣ್ಣು ರಸ್ತೆಯ ಧೂಳು ಅದರ ಗುಂಡುಗಳೊಳಗೆ ಹೊಕ್ಕರೆ ಆಮೇಲೆ ಅದೂ ಸಿಕ್ಕಿಕೊಳ್ಳುತ್ತದೆ.

ನಾನು ಈಗ 12 ಮಿ.ಮೀ. ದಪ್ಪದ 710 (ನೀರು ತಡೆಯುವ ಮೆರೈನ್ ದರ್ಜೆಯ) ಪ್ಲೈವುಡ್ ಹಾಕಿದ್ದೇನೆ. ಬದಿಗೆ 3 ಮಿ.ಮೀ. ಸಂದು ಬಿಟ್ಟು ಅಲ್ಲಿ ಫೆಲ್ಟ್ ಪಟ್ಟಿ ಅಂಟಿಸಿದೆ, ಕೊಯ್ದ ಅಂಚುಗಳಿಗೂ ವಾರ್ನಿಷ್ ಹಚ್ಚಿದೆ. ಹಲಸಿನ ಹಲಗೆ ಕೊಟ್ಟಿಗೆಯಲ್ಲಿದೆ, ಅದರ ಮೇಲೆ ತೆಂಗಿನಕಾಯಿ.

ನಿಮ್ಮ ಮೇಜಿನ ಅಡಿಗೆ ವಾರ್ನಿಷ್ ಇದೆಯಾ? ಕೈ ಹಾಕಿ ಸವರಿ ನೋಡಿ ಹೇಳಿ.