ರಾಗಿ ಒಕ್ಕಣೆಗೆ ಮುಂಚೆ ಮೂಗಿಗೆ ಮಾಡ್ಕೋಬೇಕಾದ ಕೆಲಸ: ಶ್ರೀನಿವಾಸಪುರದ ಅಣ್ಣನಿಗೆ ಉತ್ತರ

ಅಣ್ಣ, ನಮಸ್ಕಾರ. ಗಣೇಶನ ಹಬ್ಬ ಕಳೀತು ಅಂದ್ರೆ ಸೀನು ಶುರುವಾಗುತ್ತೆ, ರಾಗಿ ಒಕ್ಕಣೆ ಹೊತ್ತಿಗೆ ಕಣ್ಣು ಮೂಗು ಎರಡೂ ಸೋರುತ್ತೆ, ಸಂಕ್ರಾಂತಿವರೆಗೂ ಬಿಡಲ್ಲ ಅಂತ ಬರೆದಿದ್ದೀರಿ. ವರ್ಷಕ್ಕೆ ಎರಡು ಮೂರು ಇಂಜೆಕ್ಷನ್, ಕಳೆದ ಸಲ ಎಲ್ಲಾ ಸೇರಿ 4,000 ರೂಪಾಯಿ ದಾಟಿತು, ಕಮ್ಮಿ ಖರ್ಚಲ್ಲಿ ದಾರಿ ಇದೆಯಾ ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆ ಕೆಳಗೆ ಒಬ್ಬರು ಜೇನುತುಪ್ಪ ಅಂದಿದ್ದಾರೆ, ಇನ್ನೊಬ್ಬರು ಇಂಜೆಕ್ಷನ್ನೇ ಬೆಸ್ಟ್ ಅಂದಿದ್ದಾರೆ. ಅದನ್ನ ನೋಡಿ ಸುಮ್ಮನಿರೋಕೆ ಆಗಲಿಲ್ಲ. ಉದ್ದ ಆಗುತ್ತೆ, ಪುರುಸೊತ್ತು ಮಾಡ್ಕೊಂಡು ಓದಿ.

ನಾನು ಚಿಂತಾಮಣಿ ಕಡೆಯವನು. ಎರಡು ಎಕರೆ ರಾಗಿ, ಅರ್ಧ ಎಕರೆ ಸೇವಂತಿಗೆ. 11 ವರ್ಷ ಇದೇ ಪಾಡು ಪಟ್ಟಿದ್ದೀನಿ. ಬೆಳಿಗ್ಗೆ ಎದ್ದ ತಕ್ಷಣ ಹದಿನೈದು ಇಪ್ಪತ್ತು ಸೀನು, ಬಾಯೊಳಗೆ ಅಂಗುಳಲ್ಲಿ ಕೆರೆತ, ಹೆಗಲ ಮೇಲಿನ ಟವೆಲ್ ಮಧ್ಯಾಹ್ನಕ್ಕೇ ಒದ್ದೆ. ಈಗ ಮೂರು ವರ್ಷದಿಂದ ಒಕ್ಕಣೆ ದಿನವೂ ಕಣದಲ್ಲಿ ನಿಂತು ಕೆಲಸ ಮಾಡ್ತೀನಿ. ಹೊಸ ದುಬಾರಿ ಔಷಧ ಯಾವುದೂ ಸಿಕ್ಕಿದ್ದಲ್ಲ. ಇದ್ದ ಔಷಧವನ್ನೇ ಸೀಸನ್‌ಗೆ ಮುಂಚೆ ಶುರು ಮಾಡಿ, ಸರಿಯಾಗಿ ಬಳಸೋದನ್ನ ಕಲಿತೆ, ಅಷ್ಟೇ.

ಮೊದಲು ಆ ಇಂಜೆಕ್ಷನ್. ದಯವಿಟ್ಟು ಈ ವರ್ಷ ಬೇಡ ಅಣ್ಣ. ಎರಡು ಮೂರು ದಿನದಲ್ಲಿ ಮೂಗು ಒಣಗಿಬಿಡುತ್ತೆ, ಅದಕ್ಕೇ ಜನ ನಂಬ್ತಾರೆ. ಅಲರ್ಜಿಗೆ ಅಂತ ಹಾಗೆ ಹಾಕೋದು ಬಹಳ ಸಲ ನಿಧಾನವಾಗಿ ಇಳಿಯೋ ಸ್ಟೀರಾಯ್ಡ್, ವಾರಗಟ್ಟಲೆ ಮೈಯಲ್ಲಿರುತ್ತೆ. ನಮ್ಮಣ್ಣನಿಗೆ ಸಕ್ಕರೆ ಕಾಯಿಲೆ ಇದೆ. ಒಂದು ಕ್ಲಿನಿಕ್ಕಲ್ಲಿ ಹಾಕಿಸಿಕೊಂಡು ಬಂದ. ವಾರ ಕಳೆಯೋದ್ರೊಳಗೆ ವಿಪರೀತ ದಾಹ, ರಾತ್ರಿಯೆಲ್ಲ ಮೂತ್ರಕ್ಕೆ ಏಳೋದು. ಟೆಸ್ಟ್ ಮಾಡಿಸಿದ್ರೆ ಶುಗರ್ 350ರ ಮೇಲೆ. ಅದನ್ನ ಇಳಿಸೋಕೆ ಆದ ಖರ್ಚು ಮೂಗಿನ ಖರ್ಚಿಗಿಂತ ಎಷ್ಟೋ ಪಾಲು ಹೆಚ್ಚು. ಬಿಪಿ ಏರುತ್ತೆ, ಪದೇ ಪದೇ ತಗೊಂಡ್ರೆ ಮೂಳೆ ಸವೆಯುತ್ತೆ. ಇದೇ ಜಾತಿಯ ಔಷಧ ಮೂಗಿನ ಸ್ಪ್ರೇ ರೂಪದಲ್ಲಿ ಸಿಗುತ್ತೆ. ಅದರಲ್ಲೊಂದು ಫ್ಲುಟಿಕಾಸೋನ್. ಆ ಸ್ಪ್ರೇಯ ಒಂದು ಪಫ್‌ನಲ್ಲಿ, ಅಂದ್ರೆ ಒಂದು ಸಲ ಒತ್ತಿದ್ರೆ ಬರೋದರಲ್ಲಿ, 50 ಮೈಕ್ರೋಗ್ರಾಂ ಇರುತ್ತೆ. 40 ಮಿಲಿಗ್ರಾಂ ಇಂಜೆಕ್ಷನ್ ಅಂದ್ರೆ ಬರೀ ತೂಕದ ಲೆಕ್ಕದಲ್ಲಿ ಅಂಥ 800 ಪಫ್ ಆಯ್ತು. ಎರಡೂ ಬೇರೆ ಬೇರೆ ಔಷಧ, ತಕ್ಕಡಿಗೆ ಹಾಕಿ ತೂಗೋಕಾಗಲ್ಲ, ಆದ್ರೂ ಅಂದಾಜು ಗೊತ್ತಾಗಲಿ ಅಂತ ಹೇಳಿದೆ. ಒಂದು ಎಚ್ಚರಿಕೆ: ಯಾರಾದ್ರೂ ಸ್ಟೀರಾಯ್ಡ್ ಮಾತ್ರೆಯನ್ನ ವಾರಗಟ್ಟಲೆ ದಿನಾ ನುಂಗ್ತಾ ಇದ್ರೆ ಇದನ್ನ ಓದಿ ಏಕಾಏಕಿ ನಿಲ್ಲಿಸಬೇಡಿ. ಡಾಕ್ಟರ್ ಹತ್ರ ಕೇಳಿ ನಿಧಾನವಾಗಿ ಇಳಿಸಬೇಕು.

ಈಗ ಸ್ಪ್ರೇ ವಿಷಯ. ಮೂಗು ಕಟ್ಟೋದು, ಸೋರೋದು, ಸೀನು ಮೂರಕ್ಕೂ ಮಾತ್ರೆಗಿಂತ ಚೆನ್ನಾಗಿ ಕೆಲಸ ಮಾಡೋದು ಇದೇ. ಫ್ಲುಟಿಕಾಸೋನ್, ಮೊಮೆಟಾಸೋನ್, ಬುಡೆಸೊನೈಡ್, ಡಾಕ್ಟರು ಯಾವುದನ್ನ ಬರೆದುಕೊಟ್ರೂ ಆಗುತ್ತೆ. ಇದು ತಲೆನೋವಿನ ಮಾತ್ರೆ ಥರ ಅಲ್ಲ, ಹೊಡೆದ ತಕ್ಷಣ ಏನೂ ಗೊತ್ತಾಗಲ್ಲ. ಮೂರು ನಾಲ್ಕು ದಿನಕ್ಕೆ ಸ್ವಲ್ಪ ಹಗುರ ಅನ್ಸುತ್ತೆ, ಪೂರ್ತಿ ಗುಣ ಕಾಣೋಕೆ ಎರಡು ವಾರವೂ ಬೇಕಾಗಬಹುದು. ನಾನು ಮೊದಲನೇ ಸಲ ಎರಡು ದಿನ ಹೊಡೆದು, ಉಪಯೋಗ ಇಲ್ಲ ಅಂತ ಬಿಸಾಕಿದ್ದೆ. ಅದೇ ಬಾಟಲಿ ಇನ್ನೊಂದು ವಾರ ಬಳಸಿದ್ರೆ ಆ ವರ್ಷ ಒಕ್ಕಣೆಗೆ ಕೂಲಿ ಆಳು ಹುಡುಕೋದು ತಪ್ಪುತ್ತಿತ್ತು. ನೀವು ದೀಪಾವಳಿಗೆ ಮುಂಚೆಯೇ ಶುರು ಮಾಡಿ, ರಾಗಿ ಕಣಕ್ಕೆ ಬರೋ ಹೊತ್ತಿಗೆ ಮೂಗು ತಯಾರಾಗಿರುತ್ತೆ. ಮುಂದಿನ ವರ್ಷ ಗಣೇಶನ ಹಬ್ಬಕ್ಕೆ ಎರಡು ವಾರ ಮುಂಚೆ.

ಹೊಡೆಯೋ ರೀತಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೊಸ ಬಾಟಲಿ ಆದ್ರೆ ಕುಲುಕಿ, ಸಣ್ಣ ಹನಿ ಮಂಜಿನ ಥರ ಬರೋವರೆಗೂ ಗಾಳಿಗೆ ಒತ್ತಿ. ಮೂಗು ಸೀದಿಕೊಳ್ಳಿ. ತಲೆ ಹಿಂದಕ್ಕೆ ಎತ್ತಬೇಡಿ, ಕಾಲಿನ ಹೆಬ್ಬೆರಳು ನೋಡೋ ಹಾಗೆ ಸ್ವಲ್ಪ ಮುಂದಕ್ಕೆ ಬಗ್ಗಿಸಿ. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ. ಹೀಗೆ ಹಿಡಿದ್ರೆ ಬಾಟಲಿ ತುದಿ ತಾನಾಗೇ ಹೊರಗಿನ ಕಡೆ, ಅದೇ ಬದಿಯ ಕಣ್ಣಿನ ಅಂಚಿನ ಕಡೆ ತಿರುಗುತ್ತೆ. ಮೂಗಿನ ನಡುಗೋಡೆಗೆ ಹೊಡೆದ್ರೆ ಅಲ್ಲಿ ಒಣಗಿ ರಕ್ತ ಬರುತ್ತೆ. ಒತ್ತುವಾಗ ಮೆಲ್ಲಗೆ ಉಸಿರು ಎಳ್ಕೊಳ್ಳಿ, ಜೋರಾಗಿ ಎಳೀಬೇಡಿ. ಗಂಟಲಲ್ಲಿ ಔಷಧದ ರುಚಿ ಬಂತು ಅಂದ್ರೆ ಮೂಗಲ್ಲಿ ನಿಲ್ಲಬೇಕಾದ್ದು ಹೊಟ್ಟೆಗೆ ಹೋಯ್ತು ಅಂತ ಅರ್ಥ.

ಖರ್ಚಿನ ಲೆಕ್ಕ ಹೇಳ್ತೀನಿ. 120 ಪಫ್‌ನ ಬಾಟಲಿ, ದೊಡ್ಡವರಿಗೆ ಸಾಮಾನ್ಯವಾಗಿ ಶುರುವಿನಲ್ಲಿ ಒಂದೊಂದು ಹೊಳ್ಳೆಗೆ ಎರಡೆರಡು, ದಿನಕ್ಕೆ ಒಂದೇ ಹೊತ್ತು. ಅಂದ್ರೆ ದಿನಕ್ಕೆ 4, ತಿಂಗಳು ಬರುತ್ತೆ. ಹತೋಟಿಗೆ ಬಂದ ಮೇಲೆ ಡಾಕ್ಟರು ಒಂದೊಂದಕ್ಕೆ ಇಳಿಸಿದ್ರೆ ಎರಡು ತಿಂಗಳು. ಚೀಟಿಯಲ್ಲಿ ಕಂಪನಿ ಹೆಸರಿನ ಬದಲು ಔಷಧದ ಹೆಸರನ್ನೇ ಬರೆದುಕೊಡಿ ಅಂತ ಕೇಳಿ, ಅದನ್ನ ಜನೌಷಧಿ ಕೇಂದ್ರಕ್ಕೆ ತಗೊಂಡು ಹೋಗಿ. 2008ರಲ್ಲಿ ಶುರುವಾದ ಯೋಜನೆ, ಬ್ರಾಂಡ್ ಔಷಧದ ಅರ್ಧ ಬೆಲೆಗೆ, ಕೆಲವು ಅದಕ್ಕಿಂತಲೂ ಕಮ್ಮಿಗೆ ಸಿಗುತ್ತೆ. ಹೋಗೋ ಮುಂಚೆ ಫೋನ್ ಮಾಡಿ ಸ್ಟಾಕ್ ಕೇಳಿ, ಸ್ಪ್ರೇ ಕೆಲವು ಸಲ ಖಾಲಿ ಆಗಿರುತ್ತೆ.

ಮಾತ್ರೆ ಬೇಕೇ ಬೇಕು ಅನ್ಸಿದ ದಿನಕ್ಕೆ ಸೆಟಿರಿಜಿನ್ 10 ಎಂಜಿ, ಸಂಜೆ ಊಟ ಆದ ಮೇಲೆ ಒಂದು. ಹತ್ತು ಮಾತ್ರೆಯ ಪಟ್ಟಿ ಹೊರಗಿನ ಅಂಗಡಿಯಲ್ಲೂ 20 ರೂಪಾಯಿ ಆಸುಪಾಸು. ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಕ್ ಇದ್ರೆ ದುಡ್ಡೇ ಬೇಡ. ಕೆಲವರಿಗೆ ಇದರಲ್ಲೂ ತೂಕಡಿಕೆ ಬರುತ್ತೆ. ನಿಮ್ಮ ಮೈಗೆ ಹೇಗೆ ಅಂತ ಗೊತ್ತಾಗೋವರೆಗೂ ಟ್ರಾಕ್ಟರ್, ಮೇವು ಕತ್ತರಿಸೋ ಮಷಿನ್ ಹತ್ರ ಹೋಗಬೇಡಿ. ತೂಕಡಿಕೆ ಬಂದ್ರೆ ಫೆಕ್ಸೊಫೆನಡಿನ್ ಅಥವಾ ಲೊರಟಡಿನ್ ಕೇಳಿ, ಸ್ವಲ್ಪ ಬೆಲೆ ಜಾಸ್ತಿ. ಕಿಡ್ನಿ ತೊಂದರೆ ಇರೋರು, ಗರ್ಭಿಣಿಯರು, ಚಿಕ್ಕ ಮಕ್ಕಳಿಗೆ ಡೋಸ್ ಬೇರೆ, ಕೇಳದೆ ಕೊಡಬೇಡಿ. ಅಂಗಡಿಯವರು ನೆಗಡಿ ಮಾತ್ರೆ ಅಂತ ಕೊಡೋದರಲ್ಲಿ ಕ್ಲೋರ್‌ಫೆನಿರಮಿನ್ ಇರುತ್ತೆ, ಅದು ದಿನಪೂರ್ತಿ ಮಂಕು ಹಿಡಿಸುತ್ತೆ. ಅದರಲ್ಲಿ ಬಹಳ ಸಲ ಬಿಪಿ ಏರಿಸೋ ಇನ್ನೊಂದು ಔಷಧವೂ ಸೇರಿರುತ್ತೆ. ಮಾಂಟೆಲುಕಾಸ್ಟ್ ಸೇರಿದ ಮಾತ್ರೆ ಕೊಡ್ತಾ ಇದ್ರೆ ಯಾಕೆ ಅಂತ ಕೇಳಿ. ಬರೀ ಮೂಗಿನ ಅಲರ್ಜಿಗೆ ಮೊದಲು ಅದನ್ನೇ ಕೊಡಬೇಡಿ, ಕೆಲವರಿಗೆ ಮನಸ್ಸಿನ ಮೇಲೆ ಪರಿಣಾಮ ಆಗುತ್ತೆ ಅಂತ ಅಮೆರಿಕದ ಔಷಧ ಇಲಾಖೆ 2020ರಲ್ಲೇ ಗಟ್ಟಿ ಎಚ್ಚರಿಕೆ ಕೊಟ್ಟಿದೆ. ಕೆಟ್ಟ ಕನಸು, ಸಿಟ್ಟು, ಬೇಸರ ಹೆಚ್ಚಾದ್ರೆ ತಡ ಮಾಡದೆ ಡಾಕ್ಟರಿಗೆ ಹೇಳಬೇಕು.

ಇನ್ನು ಮೂಗು ಬಿಡಿಸೋ ಡ್ರಾಪ್ಸ್. ಆಕ್ಸಿಮೆಟಜೋಲಿನ್, ಕ್ಸೈಲೊಮೆಟಜೋಲಿನ್ ಅಂತ ಇರುತ್ತೆ. ಎರಡು ನಿಮಿಷದಲ್ಲಿ ಮೂಗು ಬಿಡುತ್ತೆ, ನಿಜ. ಆದ್ರೆ ಮೂರು ದಿನ, ಹೆಚ್ಚಂದ್ರೆ ಐದು ದಿನ ಮಾತ್ರ ಹಾಕಿ. ಆಮೇಲೂ ಹಾಕ್ತಾ ಹೋದ್ರೆ ಆ ಡ್ರಾಪ್ಸೇ ಮೂಗನ್ನ ಕಟ್ಟಿಸುತ್ತೆ. ನಮ್ಮ ಪಕ್ಕದ ತೋಟದವರು ಎರಡು ವರ್ಷ ಅದು ಜೇಬಲ್ಲಿಲ್ಲದೆ ಮಲಗ್ತಿರಲಿಲ್ಲ.

ಎಲ್ಲಕ್ಕಿಂತ ಅಗ್ಗದ್ದು ಉಪ್ಪು ನೀರಲ್ಲಿ ಮೂಗು ತೊಳೆಯೋದು. ಅರ್ಧ ಲೀಟರ್ ನೀರನ್ನ ಚೆನ್ನಾಗಿ ಕುದಿಸಿ ಆರಿಸಿ, ಒಂದು ಸಣ್ಣ ಚಮಚ ಮಟ್ಟವಾಗಿ ಉಪ್ಪು, ಚಿಟಿಕೆ ಅಡಿಗೆ ಸೋಡಾ. ಉಗುರು ಬೆಚ್ಚಗೆ ಇರಲಿ. ಮೂಗು ತೊಳೆಯೋಕೆ ಅಂತಲೇ ಇರೋ ಕೊಕ್ಕಿನ ನೇತಿ ಪಾತ್ರೆ ಇದ್ರೆ ಸರಿ, ಇಲ್ಲ ಅಂದ್ರೆ ಸೂಜಿ ಇಲ್ಲದ 20 ಎಂಎಲ್ ಸಿರಿಂಜ್ ಸಾಕು. ಬಾಯಲ್ಲಿ ಉಸಿರಾಡ್ತಾ, ಬಗ್ಗಿ ನಿಂತು, ಒಂದು ಹೊಳ್ಳೆಯಿಂದ ಬಿಟ್ರೆ ಇನ್ನೊಂದರಿಂದ ಬರುತ್ತೆ. ಒಕ್ಕಣೆ ದಿನ ಸಂಜೆ ನಾನು ತೊಳೆದಾಗ ಬರೋ ನೀರು ಮಣ್ಣಿನ ಬಣ್ಣಕ್ಕಿರುತ್ತೆ, ಅದರಲ್ಲಿ ರಾಗಿ ಸುಂಕು, ಅಂದ್ರೆ ತೆನೆಯ ಸಣ್ಣ ಹೊಟ್ಟು, ತೇಲ್ತಾ ಇರೋದು ಕಣ್ಣಿಗೇ ಕಾಣುತ್ತೆ. ಅಷ್ಟೂ ರಾತ್ರಿಯಿಡೀ ಮೂಗಲ್ಲಿ ಕೂತಿರುತ್ತಿತ್ತು! ತೊಳೆದು ಹದಿನೈದು ನಿಮಿಷ ಬಿಟ್ಟು ಸ್ಪ್ರೇ ಹೊಡೀರಿ. ಬೋರ್‌ವೆಲ್ ನೀರು, ತೊಟ್ಟಿ ನೀರು ಕುದಿಸದೆ ಮೂಗಿಗೆ ಹಾಕಲೇಬೇಡಿ. ಅಪರೂಪಕ್ಕಾದ್ರೂ ಮೂಗಿನ ಮೂಲಕ ಮೆದುಳಿಗೆ ಹತ್ತೋ ಅಮೀಬಾ ಹಸಿ ನೀರಲ್ಲಿರುತ್ತೆ, ಹತ್ತಿದ್ರೆ ಜೀವ ಉಳಿಯೋದು ಕಷ್ಟ.

ಇದುವರೆಗೂ ಹೇಳಿದ್ದು ಔಷಧ. ಆದ್ರೆ ನಿಮ್ಮ ಪ್ರಶ್ನೆಯಲ್ಲೇ ಒಂದು ಸುಳಿವಿದೆ ಅಣ್ಣ. ಗಣೇಶನ ಹಬ್ಬದ ಹೊತ್ತಿಗೆ ನಿಮ್ಮ ರಾಗಿ ಇನ್ನೂ ಹಸಿರಾಗಿರುತ್ತೆ, ಸುಂಕು ಎಲ್ಲಿಂದ ಬರಬೇಕು? ಆಗ ಸೀನಿಸ್ತಾ ಇರೋದು ಬೇರೆ. ನಿಮ್ಮ ಬದು, ರಸ್ತೆ ಪಕ್ಕ, ಬೀಳು ಬಿಟ್ಟ ಜಾಗ ನೋಡಿ. ಮಳೆ ಬಿದ್ದ ಮೇಲೆ ಬೆಳ್ಳಗೆ ಹೂ ಬಿಟ್ಟ ಕಾಂಗ್ರೆಸ್ ಗಿಡ ಸೊಂಟದೆತ್ತರ ನಿಂತಿರುತ್ತೆ. ಅದೇ ಪಾರ್ಥೇನಿಯಂ, ಅದರ ಪರಾಗ ನಮ್ಮ ಭಾಗದಲ್ಲಿ ಮೂಗಿನ ಅಲರ್ಜಿಗೆ ದೊಡ್ಡ ಕಾರಣ. ಒಕ್ಕಣೆ ಧೂಳು ಅದರ ಮೇಲೆ ಬರೆ ಎಳೆಯುತ್ತೆ. ಸೇವಂತಿಗೆ, ಚೆಂಡು ಹೂವು, ಸೂರ್ಯಕಾಂತಿ ಎಲ್ಲಾ ಇದೇ ಕುಟುಂಬದ ಗಿಡ. ಅದಕ್ಕೇ ಪಾರ್ಥೇನಿಯಂ ಆಗದ ಕೆಲವರಿಗೆ ಹೂ ಬಿಡಿಸೋವಾಗಲೂ ಮೂಗು, ಕೈ ಕೆರೆಯುತ್ತೆ. ನನ್ನ ಸೇವಂತಿಗೆ ತೋಟದಲ್ಲಿ ಯಾಕೆ ಹಾಗಾಗುತ್ತೆ ಅಂತ ಗೊತ್ತಾಗೋಕೇ ಎಷ್ಟೋ ವರ್ಷ ಹಿಡೀತು.

ಹೂ ಬಿಡೋ ಮುಂಚೆ, ಮಳೆ ಬಿದ್ದು ನೆಲ ಮೆತ್ತಗಿರುವಾಗ ಕಾಂಗ್ರೆಸ್ ಗಿಡವನ್ನ ಬೇರು ಸಮೇತ ಕೀಳಿಸಿ. ನೀವು ಕೀಳಬೇಡಿ, ಅಲರ್ಜಿ ಇಲ್ಲದವರು ಗ್ಲೌಸ್ ಹಾಕ್ಕೊಂಡು, ಮೂಗು ಮುಚ್ಕೊಂಡು ಕೀಳಲಿ. ಹೂ ಇಲ್ಲದ ಗಿಡ ಗೊಬ್ಬರದ ಗುಂಡಿಗೆ ಆಗುತ್ತೆ. ಸುಡಬೇಡಿ, ಹೊಗೆ ಇನ್ನೂ ಕೆಟ್ಟದ್ದು. ಬೆಳೆ ಇಲ್ಲದ ರಸ್ತೆ ಅಂಚಿಗೆ ಮಾತ್ರ ಲೀಟರ್ ನೀರಿಗೆ 200 ಗ್ರಾಂ ಕಲ್ಲುಪ್ಪು, ಅಂದ್ರೆ 15 ಲೀಟರ್ ಕ್ಯಾನಿಗೆ 3 ಕೆಜಿ, ಬಿಸಿಲಲ್ಲಿ ಎಲೆ ನೆನೆಯೋ ಹಾಗೆ ಹೊಡೀರಿ. ಹೊಲದೊಳಗೆ ಬೇಡ, ಮಣ್ಣು ಕೆಡುತ್ತೆ. ಆ ಗಿಡದ ಎಲೆ ಮೇಲೆ ಬಿಳಿ ಮೈಗೆ ಕಂದು ಗೀರು ಇರೋ ಸಣ್ಣ ದುಂಬಿ ಕಂಡ್ರೆ ಕೊಲ್ಲಬೇಡಿ. ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಲ್ಲಿ ಬಿಟ್ಟ ದುಂಬಿ ಅದು, ಮಳೆಗಾಲದಲ್ಲಿ ಎಲೆಯೆಲ್ಲ ತಿಂದು ಗಿಡವನ್ನ ಬರಿ ಕಡ್ಡಿ ಮಾಡುತ್ತೆ.

ಒಕ್ಕಣೆ ದಿನ ಟವೆಲ್ ಕಟ್ಟಿದ್ರೆ ಸಾಲದು, ಎನ್-95 ಮಾಸ್ಕ್ ಹಾಕಿ. ಮೂಗಿನ ಮೇಲಿನ ತಂತಿ ಒತ್ತಿ ಕೂರಿಸಿ. ಹೊಳ್ಳೆ ಅಂಚಿಗೆ ಸುತ್ತ ತೆಳ್ಳಗೆ ವ್ಯಾಸಲೀನ್ ಸವರಿ, ಧೂಳು ಅಲ್ಲೇ ಅಂಟುತ್ತೆ. ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಮನೆಗೆ ಬಂದ ತಕ್ಷಣ ಬಟ್ಟೆ ಹೊರಗೇ ಬಿಚ್ಚಿ ತಲೆಗೆ ಸ್ನಾನ ಮಾಡಿ, ಇಲ್ಲ ಅಂದ್ರೆ ಅದೇ ಧೂಳು ದಿಂಬಿಗೆ ಬರುತ್ತೆ. ಕಣ್ಣು ಉಜ್ಜಬೇಡಿ, ತಣ್ಣೀರು ಬಟ್ಟೆ ಇಡಿ. ಅಂಗಡಿಯಲ್ಲಿ ಕೇಳಿ ಕಣ್ಣಿನ ಡ್ರಾಪ್ಸ್ ತರಬೇಡಿ, ಸ್ಟೀರಾಯ್ಡ್ ಇರೋದಾದ್ರೆ ಕಣ್ಣಿನ ಒತ್ತಡ ಏರಿ ದೃಷ್ಟಿಗೇ ಕುತ್ತು.

ಜೇನುತುಪ್ಪ ಹೇಳಿದ ತಮ್ಮನಿಗೆ: ಮೆಣಸಿನ ಕಷಾಯ, ಅರಿಶಿನ ಹಾಲು, ಜೇನು ಗಂಟಲಿಗೆ ಹಿತ, ನಾನೂ ಕುಡೀತೀನಿ. ಅಲರ್ಜಿ ಅದರಿಂದ ನಿಲ್ಲಲ್ಲ, ಅದನ್ನ ನಂಬಿ ಸ್ಪ್ರೇ ಬಿಡೋದು ಬೇಡ.

ಅಣ್ಣ, ರಾತ್ರಿ ಕೆಮ್ಮು, ಎದೆಯಲ್ಲಿ ಸುಯ್ ಅನ್ನೋ ಸದ್ದು, ಏರು ಹತ್ತುವಾಗ ದಮ್ಮು ಇದ್ರೆ ಅದು ಬರೀ ಮೂಗಲ್ಲ, ಆಸ್ತಮಾ ಇರಬಹುದು, ಇನ್ಹೇಲರ್ ಬೇಕಾಗುತ್ತೆ. ಕೆಮ್ಮು ಎರಡು ವಾರ ದಾಟಿದ್ರೆ ಟಿಬಿ ಇದೆಯಾ ಅಂತ ನೋಡೋಕೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಪುಕ್ಕಟೆ ಮಾಡ್ತಾರೆ, ಮಾಡಿಸಿ. ಒಂದೇ ಹೊಳ್ಳೆ ಯಾವಾಗಲೂ ಕಟ್ಟಿರೋದು, ಅದರಲ್ಲಿ ರಕ್ತ ಬರೋದು ಕಂಡ್ರೆ ಕಾಯಬೇಡಿ. ನಿಮಗೆ ಕೋಲಾರದ ಎಸ್ಎನ್ಆರ್ ಜಿಲ್ಲಾ ಆಸ್ಪತ್ರೆ ಹತ್ತಿರ, ಕಿವಿ ಮೂಗು ಗಂಟಲಿನ ಡಾಕ್ಟರಿಗೆ ಒಂದು ಸಲ ತೋರಿಸಿ ಸ್ಪ್ರೇ ಬರೆಸಿಕೊಳ್ಳಿ. ಇಂಜೆಕ್ಷನ್ ಹಾಕಿಸಿಕೊಂಡ ಹಳೇ ಚೀಟಿಗಳು ಇದ್ರೆ ಎಲ್ಲಾ ತಗೊಂಡು ಹೋಗಿ. ಶುಗರ್, ಬಿಪಿ ಎರಡೂ ಅಂದೇ ನೋಡಿಸಿಬಿಡಿ.

ನಿಮ್ಮ ಬದುವಿನ ಫೋಟೊ ಒಂದು ಇಲ್ಲಿ ಹಾಕಿ. ಈಗಾಗಲೇ ಹೂ ಬಿಟ್ಟಿದ್ಯಾ, ಕೀಳೋದಾ, ಸವರೋದಾ ಅಂತ ನೋಡಿ ಹೇಳ್ತೀನಿ.