7 ಲಕ್ಷದಲ್ಲಿ ಪೈಲಟ್ ಲೈಸೆನ್ಸ್ ಆಗ್ತದಾ?

ಪ್ರಶ್ನೆ: ಸರ್, ನಾನು ಕಟಪಾಡಿಯವ, ವಯಸ್ಸು 36, ಮಂಗಳೂರಲ್ಲಿ ಬ್ಯಾಂಕ್ ಕೆಲಸ. ಅಜ್ಜಿಮನೆ ಬಜ್ಪೆ ಹತ್ರ, ಸಣ್ಣದಿರುವಾಗ ಅಂಗಳದಲ್ಲಿ ನಿಂತ್ರೆ ವಿಮಾನದ ಹೊಟ್ಟೆ ಕಾಣ್ತಿತ್ತು, ಆವತ್ತಿನ ಆಸೆ ಇನ್ನೂ ಹೋಗ್ಲಿಲ್ಲ. ಕೆಲಸಕ್ಕಲ್ಲ, ನನ್ನ ಖುಷಿಗೆ ಪ್ರೈವೇಟ್ ಪೈಲಟ್ ಲೈಸೆನ್ಸ್ ಮಾಡ್ಬೇಕಂತ. ಎಫ್‌ಡಿಯಲ್ಲಿ 7 ಲಕ್ಷ ಉಂಟು. ಒಂದು ಕಡೆ ಕೇಳಿದಾಗ "40 ಗಂಟೆ ಹಾರಿದ್ರೆ ಆಯ್ತು, 6 ಲಕ್ಷ, ಒಟ್ಟಿಗೆ ಕಟ್ಟಿದ್ರೆ ಡಿಸ್ಕೌಂಟ್" ಅಂದ್ರು. ಪ್ರತಿ ಭಾನುವಾರ ಮೈಸೂರಿಗೆ ಹೋಗಿ ಕಲಿಬಹುದಾ? ಹೆಂಡತಿಗೆ ಹೆದರಿಕೆ, ನಿಮ್ಮ ಉತ್ತರ ನೋಡಿ ಹೇಳ್ತೇನೆ ಅಂದಿದ್ದಾಳೆ.

ಉತ್ತರ: ಕಲೀರಿ, ಖಂಡಿತ ಕಲೀರಿ, ಆದ್ರೆ ಎಫ್‌ಡಿ ಈಗ್ಲೇ ಮುರಿಬೇಡಿ ಮಾರಾಯ್ರೆ. ಅವರು ಹೇಳಿದ 40 ಗಂಟೆ ಸುಳ್ಳಲ್ಲ, ಡಿಜಿಸಿಎ, ಅಂದ್ರೆ ಲೈಸೆನ್ಸ್ ಕೊಡುವ ಕೇಂದ್ರದ ವಿಮಾನಯಾನ ಇಲಾಖೆ, ಅದರ ನಿಯಮದಲ್ಲೇ ಇರುವ ಲೆಕ್ಕ ಅದು, ಅದ್ರಲ್ಲಿ 20 ಗಂಟೆ ನೀವೊಬ್ರೇ ಹಾರ್ಬೇಕು, ಅದ್ರೊಳಗೆ 5 ಗಂಟೆ ಬೇರೆ ಊರಿಗೆ ಹೋಗಿ ಬರುವ ಕ್ರಾಸ್ ಕಂಟ್ರಿ. ಆದ್ರೆ ಅದು ಕನಿಷ್ಠ. ಸರಿಯಾಗಿ 40ಕ್ಕೇ ಮುಗಿಸುವವರು ಬೇರೆ ಕೆಲಸ ಇಲ್ಲದೆ ದಿನಾ ಹಾರುವ ಹುಡುಗರು, ನಮ್ಮ ನಿಮ್ಮಂಥ ಡ್ಯೂಟಿ ಮಾಡುವವರು 55, 60 ಅಂತ ಹಿಡಿದುಕೊಂಡ್ರೇ ಒಳ್ಳೆದು. ಅವರ ರೇಟೇ ಹಿಡಿಯುವ, ಗಂಟೆಗೆ 15,000. 40ಕ್ಕೆ 6 ಲಕ್ಷ, 55 ಆದ್ರೆ 8 ಲಕ್ಷದ 25 ಸಾವಿರ. ಮೆಡಿಕಲ್, ಪರೀಕ್ಷೆ ಫೀಸು, ಹೆಡ್‌ಸೆಟ್ಟು, ಕೊನೆಗೆ ಸ್ಕಿಲ್ ಟೆಸ್ಟಿಗೆ ವಿಮಾನದ ಬಾಡಿಗೆ, ಅಲ್ಲಿ ರೂಮು ಊಟ, ಎಲ್ಲ ಸೇರಿಸಿ ನಾನು ಹೇಳುವುದು ಒಂಬತ್ತೂವರೆಯಿಂದ ಹತ್ತು. ನಿಮ್ಮ ಹತ್ರ ಇರುವುದು ಏಳು.

ಗಂಟೆಗೆ ಅಷ್ಟು ಯಾಕೆ ಅಂತ ನಿಮ್ಗೆ ಅನಿಸ್ಬಹುದು. ಕಲಿಯುವ ಸೆಸ್ನಾ 172 ಗಂಟೆಗೆ ಮೂವತ್ತು ಚಿಲ್ಲರೆ ಲೀಟರ್ ಕುಡಿತದೆ, ಅದೂ ದೊಡ್ಡ ವಿಮಾನಕ್ಕೆ ಹಾಕುವ ಎಣ್ಣೆ ಅಲ್ಲ, ಏವ್‌ಗ್ಯಾಸ್ ಅಂತ ಬೇರೆಯೇ ಪೆಟ್ರೋಲ್. 2022ರಲ್ಲಿ ಇಂಡಿಯನ್ ಆಯಿಲ್ ವಡೋದರದಲ್ಲಿ ಮಾಡ್ಲಿಕ್ಕೆ ಶುರು ಮಾಡುವ ತನಕ ಅದು ಹೊರದೇಶದಿಂದಲೇ ಬರ್ಬೇಕಿತ್ತು. ಮೇಲಿಂದ ಇನ್ಸ್ಟ್ರಕ್ಟರ್ ಸಂಬಳ, ಇನ್ಶೂರೆನ್ಸ್, ಮತ್ತೆ 2,000 ಗಂಟೆ ಆದ್ಮೇಲೆ ಎಂಜಿನ್ ಪೂರ್ತಿ ಬಿಚ್ಚಿ ಓವರ್‌ಹಾಲ್. ಹಾಗಾಗಿ ರೇಟ್ ಕೇಳುವಾಗ ಪೆಟ್ರೋಲ್, ಇನ್ಸ್ಟ್ರಕ್ಟರ್, ಟ್ಯಾಕ್ಸ್ ಎಲ್ಲ ಸೇರಿಯಾ ಅಂತ ಬಿಡಿಸಿ ಕೇಳಿ, ಬರವಣಿಗೆಯಲ್ಲೇ ಇಸ್ಕೊಳ್ಳಿ.

ದುಡ್ಡು ಸೋರಿ ಹೋಗುವ ಜಾಗ ಮಾತ್ರ ರೇಟಲ್ಲ, ಗ್ಯಾಪು. ವಾರಕ್ಕೊಮ್ಮೆ ಹೋದ್ರೆ ಪ್ರತಿ ಸಲ ಮೊದಲ ಕಾಲು ಗಂಟೆ ಕೈ ಕಾಲು ಹಳೇ ಹದಕ್ಕೆ ಬರ್ಲಿಕ್ಕೇ ಬೇಕು. ಲ್ಯಾಂಡಿಂಗಲ್ಲಿ ನೆಲ ಹತ್ರ ಬಂದಾಗ ಮೂತಿ ಎಷ್ಟು ಎತ್ತಬೇಕು, ಮೂತಿ ಎಡ ಬಲ ತಿರುಗಿಸುವ ರಡರಿಗೆ ಕಾಲು ಎಷ್ಟು ಒತ್ತಬೇಕು ಅನ್ನುವುದು ಪುಸ್ತಕದಲ್ಲಿ ಬರುವುದಲ್ಲ, ದಿನಾ ಮಾಡಿದ್ರೆ ಮಾತ್ರ ಕೂತುಕೊಳ್ತದೆ. 40 ಭಾನುವಾರ, ಒಂದೊಂದು ಕಾಲು ಗಂಟೆ, ಅಲ್ಲೇ 10 ಗಂಟೆ ಅಂದ್ರೆ ಒಂದೂವರೆ ಲಕ್ಷ. ಜೂನಿಂದ ಸೆಪ್ಟೆಂಬರ್ ಮಳೆ ಮೋಡ, ನೀವು ರಾತ್ರಿಯಿಡೀ ಮಡಿಕೇರಿ ಘಾಟಿ ಹತ್ತಿ ಹೋಗಿ ಮುಟ್ಟಿದ್ರೆ "ಇವತ್ತು ಫ್ಲೈಯಿಂಗ್ ಇಲ್ಲ" ಅಂತಾರೆ. ಬಿಲ್ಲಿನ ವಿಷಯ ಇನ್ನೊಂದುಂಟು. ಸುಮಾರು ಕಡೆ ಲೆಕ್ಕ ಚಾಕ್ ಟು ಚಾಕ್, ಅಂದ್ರೆ ಚಕ್ರದ ಅಡ್ಡ ತೆಗೆದಲ್ಲಿಂದ ಪುನಃ ಇಡುವಲ್ಲಿವರೆಗೆ. ಮೈಸೂರಿನಂಥ ಪ್ಯಾಸೆಂಜರ್ ವಿಮಾನ ಇಳಿಯುವ ಕಡೆ ನೀವು ರನ್‌ವೇ ಬಾಯಲ್ಲಿ ನಿಂತು ಕಾಯುವಾಗಲೂ ಎಂಜಿನ್ ಓಡ್ತಾನೇ ಇರ್ತದೆ, ಪ್ಯಾನಲ್ಲಿನ ಮೀಟರಲ್ಲಿ ಕೊನೇ ಅಂಕಿ 6 ನಿಮಿಷಕ್ಕೊಮ್ಮೆ ಉರುಳ್ತದೆ, ಒಂದು ಸಲ ಉರುಳಿದ್ರೆ 1,500 ರೂಪಾಯಿ.

ಒಟ್ಟಿಗೆ ಕಟ್ಟುವುದು ಬೇಡವೇ ಬೇಡ. ನಾನು ಕಲಿಯುವಾಗ ಒಂದು ಸ್ಕೂಲಿಗೆ ಡಿಸ್ಕೌಂಟ್ ಆಸೆಗೆ ಪೂರ್ತಿ ಕಟ್ಟಿದೆ. ಇದ್ದದ್ದು ಎರಡೇ ವಿಮಾನ, ಒಂದು ಓವರ್‌ಹಾಲಿಗೆ ಹೋಯ್ತು, ಇನ್ನೊಂದಕ್ಕೆ ಹದಿನೈದು ಹುಡುಗರ ಕ್ಯೂ, ಎರಡು ತಿಂಗಳಲ್ಲಿ ನಾನು ಹಾರಿದ್ದು 4 ಗಂಟೆ, ರೂಮ್ ಬಾಡಿಗೆ ಮಾತ್ರ ತಿಂಗಳು ತಿಂಗಳು ಸರಿಯಾಗಿ ಹೋಯ್ತು, ವಾಪಸ್ ಕೇಳಿದ್ರೆ ರಿಫಂಡ್ ಇಲ್ಲ. ಆ ಸಿಟ್ಟು ಇವತ್ತಿಗೂ ಹೋಗ್ಲಿಲ್ಲ, ಅದಕ್ಕೇ ಇಷ್ಟು ಒತ್ತಿ ಹೇಳುವುದು. 10, 10 ಗಂಟೆಗೆ ಕಟ್ಟಿ. ಸೇರುವ ಮೊದಲು ಒಂದು ದಿನ ಹೋಗಿ ಅಲ್ಲಿ ಚಾ ಕುಡಿತಾ ಕೂತ ಹುಡುಗರ ಹತ್ರ ಕೇಳಿ, ಹೋದ ತಿಂಗಳು ಎಷ್ಟು ಗಂಟೆ ಹಾರಿದ್ರಿ ಅಂತ. ಆಫೀಸಲ್ಲಿ ಸಿಗದ ಉತ್ತರ ಅಲ್ಲಿ ಸಿಗ್ತದೆ.

ನಮ್ಮ ಬಜ್ಪೆಯಲ್ಲಿ ಕಲಿಸುವ ಸ್ಕೂಲ್ ಇಲ್ಲ, ಎಲ್ಲಿಗಾದ್ರೂ ಹೋಗಿಯೇ ಆಗ್ಬೇಕು. ಬೆಂಗಳೂರು ಜಕ್ಕೂರಿನ ಸರ್ಕಾರಿ ಸ್ಕೂಲಲ್ಲೂ ವಿಚಾರಿಸಿ. ನಾನು ನಿಮ್ಮ ಜಾಗದಲ್ಲಿದ್ರೆ ಹೀಗೆ ಮಾಡ್ತೇನೆ: ಈಗ ಕ್ಲಾಸ್ 2 ಮೆಡಿಕಲ್, ಅಂದ್ರೆ ಈ ಲೈಸೆನ್ಸಿಗೆ ಬೇಕಾದ ಆರೋಗ್ಯ ತಪಾಸಣೆ, ಅದು ಪಾಸಾಗದೆ ಒಂದು ಪೈಸೆ ಖರ್ಚಿಲ್ಲ. ಈ ಮಳೆಗಾಲದಲ್ಲಿ ರಾತ್ರಿ ಮನೆಯಲ್ಲೇ ಕೂತು ನಿಯಮ, ಹವಾಮಾನ, ನ್ಯಾವಿಗೇಶನ್, ಎಂಜಿನ್ ವಿಷಯ ಓದಿ ಮುಗಿಸುವುದು. ಅಷ್ಟರಲ್ಲಿ ಕಡಿಮೆ ಬೀಳುವ ಎರಡೂವರೆ ಮೂರು ಲಕ್ಷ ಕೂಡಿಸುವುದು, ಬ್ಯಾಂಕಲ್ಲಿ ರಜೆ ಉಳಿಸಿ ಡಿಸೆಂಬರಿಂದ ಫೆಬ್ರವರಿವರೆಗೆ ಸಿಕ್ಕಷ್ಟು ದಿನ ಒಟ್ಟಿಗೆ ಅಲ್ಲೇ ಉಳಿಯುವುದು, ಬೆಳಿಗ್ಗೆ ಮಂಜು ಬಿಟ್ಟ ಕೂಡ್ಲೇ ಹಾರುವುದು. ಈ ವರ್ಷ ದುಡ್ಡು ಆಗ್ಲಿಲ್ಲಾಂದ್ರೆ ಮುಂದಿನ ಡಿಸೆಂಬರ್, ತೊಂದ್ರೆ ಇಲ್ಲ. ಲೈಸೆನ್ಸ್ ಸಿಕ್ಕಿದ ಮೇಲೂ ತಿಂಗಳಿಗೊಂದು ಗಂಟೆಯಾದ್ರೂ ಹಾರ್ಬೇಕು, ಈ ಲೈಸೆನ್ಸಲ್ಲಿ ದುಡಿಲಿಕ್ಕೆ ಬಿಡುವುದಿಲ್ಲ, ಅದಕ್ಕೂ ವರ್ಷಕ್ಕೆ ಒಂದೂವರೆ ಎರಡು ಲಕ್ಷ ತೆಗೆದಿಡಿ.

ಮನೆಯವರ ಹೆದರಿಕೆ ದುಡ್ಡಿಂದಾ ಹಾರುವುದರದ್ದಾ ನೀವು ಬರೀಲಿಲ್ಲ. ಹಾರುವುದರದ್ದಾದ್ರೆ ಅವರಿಗೆ ಹೇಳಿ, ಇನ್ಸ್ಟ್ರಕ್ಟರಿಗೆ ಪೂರ್ತಿ ಧೈರ್ಯ ಬಂದು ಸಹಿ ಹಾಕದೆ ಒಬ್ಬರನ್ನೇ ಕಳಿಸುವುದಿಲ್ಲ, ಎಂಜಿನ್ ನಿಂತ್ರೆ ಹೊಲ ನೋಡಿ ಇಳಿಸುವುದನ್ನೂ ಮತ್ತೆ ಮತ್ತೆ ಮಾಡಿಸ್ತಾರೆ. ಒಂದು ದಿನ ಅವರನ್ನೂ ಕರ್ಕೊಂಡು ಹೋಗಿ ತೋರಿಸಿ.

ಪ್ರಶ್ನೆ: ಕನ್ನಡಕ ಇದ್ರೆ ಪ್ರೈವೇಟ್ ಲೈಸೆನ್ಸ್ ಸಿಗ್ತದಾ? — ಓದುಗರೊಬ್ಬರು, ಕಾರ್ಕಳ

ಉತ್ತರ: ಸಿಗ್ತದೆ. ಕನ್ನಡಕ ಹಾಕಿದಾಗ ದೃಷ್ಟಿ ಅವರು ಹೇಳಿದ ಅಳತೆಗೆ ಬಂದ್ರೆ ಸಾಕು, ಹಾರುವಾಗ ಹಾಕಿರ್ಬೇಕು, ಇನ್ನೊಂದು ಜೊತೆ ಹತ್ರ ಇಟ್ಕೊಳ್ಬೇಕು. ಬಣ್ಣ ಗುರುತಿಸುವುದನ್ನೂ ಬೇರೆ ನೋಡ್ತಾರೆ, ಅದನ್ನು ಮೊದಲೇ ಊರಿನ ಕಣ್ಣಿನ ಡಾಕ್ಟ್ರ ಹತ್ರ ಒಮ್ಮೆ ನೋಡಿಸಿಕೊಂಡು ಹೋಗಿ.