ಕೊಲೋನ್ ಡೋಮ್ ಒಳಗೆ ಸ್ವಲ್ಪ ಹೊತ್ತು ಕೂತು ಬನ್ನಿ

ಜರ್ಮನಿಯ ಕೊಲೋನ್‌ಗೆ ಬಂದು ಎರಡು ತಿಂಗಳಾಯ್ತು, ಭಾನುವಾರ ಅಂಗಡಿಗಳೆಲ್ಲ ಬಾಗಿಲು ಹಾಕಿರುತ್ತವೆ, ಡೋಮ್ ಅನ್ನೋ ಇಲ್ಲಿನ ದೊಡ್ಡ ಚರ್ಚ್ ನೋಡಿದ್ದಾಯ್ತು, ಇನ್ನೇನು ಮಾಡಲಿ ಅಂತ ಕೇಳಿದ್ದೀರಿ. ಹದಿನಾರು ವರ್ಷದಿಂದ ಇಲ್ಲೇ ಇರುವ ನಾನು ಹೇಳೋದು ಒಂದೇ: ಡೋಮ್‌ಗೆ ಮತ್ತೆ ಹೋಗಿ. ಸ್ಟೇಷನ್ ಎದುರು ನಿಂತು ಫೋಟೊ ತೆಗೆದರೆ ನೋಡಿದ ಹಾಗಲ್ಲ.

ಬಿಸಿಲಿರುವ ಮಧ್ಯಾಹ್ನ ಹೋಗಿ. ದಕ್ಷಿಣದ ಗೋಡೆಯ ದೊಡ್ಡ ಕಿಟಕಿಯಿಂದ ಕೆಂಪು, ಹಸಿರು, ಹಳದಿ ಬೆಳಕಿನ ಚೂರುಗಳು ಕಲ್ಲಿನ ಕಂಬದ ಮೇಲೆ ಬಿದ್ದಿರುತ್ತವೆ. ಹಳೆಯ ಗಾಜು ಎರಡನೇ ಮಹಾಯುದ್ಧದಲ್ಲಿ ಹೋಯ್ತು. ಈಗಿರುವುದು ಜರ್ಮನ್ ಚಿತ್ರಕಾರ ಗೆರ್ಹಾರ್ಡ್ ರಿಕ್ಟರ್ 2007ರಲ್ಲಿ ಮಾಡಿಕೊಟ್ಟಿದ್ದು: 72 ಬಣ್ಣ, 11,000ಕ್ಕೂ ಜಾಸ್ತಿ ಗಾಜಿನ ಚೌಕಗಳು. ಒಬ್ಬ ಸಂತನ ಚಿತ್ರವೂ ಇಲ್ಲ. ಆಗಿನ ಆರ್ಚ್‌ಬಿಷಪ್‌ಗೆ ಹಿಡಿಸಲಿಲ್ಲ. ನನಗಂತೂ ತುಂಬಾ ಇಷ್ಟ.

ಜನ ಚಿನ್ನದ ಪೆಟ್ಟಿಗೆಯ ಕಡೆಗೇ ಓಡ್ತಾರೆ. ಯೇಸು ಹುಟ್ಟಿದಾಗ ನೋಡಲು ಬಂದ ಮೂವರು ರಾಜರ ಅಸ್ಥಿ ಅದರಲ್ಲಿದೆ ಅನ್ನೋದು ಇಲ್ಲಿನವರ ನಂಬಿಕೆ. ಆ ಅಸ್ಥಿಯನ್ನು 1164ರಲ್ಲಿ ಇಟಲಿಯ ಮಿಲಾನ್‌ನಿಂದ ತಂದದ್ದು. ಅದನ್ನು ನೋಡಲು ಬರುವ ಯಾತ್ರಿಕರಿಗೆ ಹಳೆಯ ಚರ್ಚ್ ಸಾಲದಾಯ್ತು. ಹಾಗಾಗಿ 1248ರಲ್ಲಿ ಈಗಿನ ಡೋಮ್ ಕಟ್ಟಲು ಶುರು ಮಾಡಿದರು.

ನೀವು ಮಾತ್ರ ಉತ್ತರದ ಕಡೆಗೆ ಹೋಗಿ, ಗೆರೊ ಶಿಲುಬೆಯ ಮುಂದೆ ನಿಲ್ಲಿ. ಹತ್ತನೇ ಶತಮಾನದ್ದು, ಓಕ್ ಮರದ್ದು, ಆಳೆತ್ತರ. ಅದರ ಮೇಲಿನ ಯೇಸುವಿನ ತಲೆ ಎದೆಗೆ ಬಾಗಿದೆ, ಕಣ್ಣು ಮುಚ್ಚಿದೆ, ಹೊಟ್ಟೆ ಮುಂದಕ್ಕೆ ಜೋತಿದೆ. ದೇವರು ಅನ್ನೋದಕ್ಕಿಂತ ನೋವು ತಿಂದು ಸತ್ತ ಮನುಷ್ಯ. ನನ್ನ ಮೊದಲ ಚಳಿಗಾಲದಲ್ಲಿ ಊರಲ್ಲಿ ಅಪ್ಪ ಆಸ್ಪತ್ರೆಯಲ್ಲಿದ್ದರು. ಟಿಕೆಟ್ ಸಿಗುವವರೆಗೆ ದಿನಾ ಸಂಜೆ ಅಲ್ಲಿ ಹೋಗಿ ಸುಮ್ನೆ ನಿಲ್ಲುತ್ತಿದ್ದೆ. ನೀನು ಯಾರು, ಯಾವ ಧರ್ಮ ಅಂತ ಯಾರೂ ಕೇಳಲಿಲ್ಲ.

ಇನ್ನೊಂದು ವಿಷಯ. ಹದಿನಾರನೇ ಶತಮಾನದಲ್ಲಿ ಡೋಮ್ ಕಟ್ಟುವ ಕೆಲಸ ನಿಂತೇ ಹೋಯ್ತು. ಅರ್ಧ ಎದ್ದ ಗೋಪುರದ ಮೇಲೆ ಮರದ ಕ್ರೇನ್ ಹಾಗೇ ಉಳಿಯಿತು, 1868ರವರೆಗೆ! ಮುಂಭಾಗದ ಹಳೆಯ ನಕ್ಷೆಯೂ ಕಳೆದುಹೋಗಿತ್ತು. ಅದರ ಅರ್ಧ 1814ರಲ್ಲಿ ಡಾರ್ಮ್‌ಸ್ಟಾಟ್‌ನಲ್ಲಿ, ಇನ್ನರ್ಧ 1816ರಲ್ಲಿ ಪ್ಯಾರಿಸ್‌ನಲ್ಲಿ ಸಿಕ್ಕಿತು. ಆ ನಕ್ಷೆ ಹಿಡಿದೇ 1880ರಲ್ಲಿ ಕಟ್ಟಿ ಮುಗಿಸಿದರು. ಮುನ್ನೂರು ವರ್ಷ ಈ ಊರಿನವರು ದಿನಾ ಬೆಳಗಾದರೆ ನೋಡಿದ್ದು ಆ ಮೊಂಡು ಗೋಪುರವನ್ನೇ ಅಲ್ವಾ? ಅದು ಗೊತ್ತಾದ ಮೇಲೆ ಈ ಊರಿನ ಮೇಲೆ ನನಗೆ ಪ್ರೀತಿ ಬಂತು.

ಪೂಜೆ ಇಲ್ಲದ ಹೊತ್ತು ನೋಡಿಕೊಂಡು ಹೋಗಿ, ಒಳಗೆ ಟೋಪಿ ತೆಗೆಯಿರಿ, ಮೆಲ್ಲಗೆ ಮಾತಾಡಿ. ಗೋಪುರ ಹತ್ತುವ ಮನಸ್ಸಿದ್ದರೆ ಹೇಳಿ. 533 ಮೆಟ್ಟಿಲು, ನಡುವೆ 24 ಟನ್ನಿನ ಗಂಟೆ ಸಿಗುತ್ತದೆ. ನಾನೂ ಜೊತೆಗೆ ಬರ್ತೇನೆ.